ಮೂರನೆಯ ಜಾಗಕ್ಕೆ ಪದ್ಯವಿಲ್ಲ

ಮನುಕಾವ್, ಆಕ್ಲೆಂಡ್
ಮಾರ್ಚ್ ೨೨, ೨೦೨೫, ಶನಿವಾರ

ಪ್ರೀತಿಯ ಅಕ್ಕಾ,

ಹಿರಿಯೂರಿನ ನಡುಮನೆಯಲ್ಲಿ ಕುರ್ಚಿ ಅಲಂಕರಿಸಿರುವ ಶ್ರೀಪಾದ ಭಾವನವರೇ, ಈರುಳ್ಳಿ ಹೆಚ್ಚುತ್ತಲೇ ಕಿವಿಗೊಟ್ಟಿರುವ ಅಧ್ಯಕ್ಷೆ ವಸುಂಧರಕ್ಕನವರೇ, ಕಿಟಕಿಯಾಚೆ ನೆರೆದಿರುವ ಅಕ್ಕಪಕ್ಕದ ಮಹನೀಯರೇ, ತಮಗೆಲ್ಲ ಸ್ವಾಗತ, ಸುಸ್ವಾಗತ. ಊರಿನ ಸಭೆಗಳಲ್ಲಿ ಇಪ್ಪತ್ತು ವರ್ಷ ನಿರೂಪಣೆ ಮಾಡಿದ ಬಾಯಿ ಅಕ್ಕಾ, ಸ್ವಾಗತವಿಲ್ಲದೆ ತೆರೆಯುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡ ಮೇಲೆ ಬಿಸಿನೀರು ಹಾಕಿಕೊಳ್ಳುತ್ತೀಯೋ, ಅಥವಾ ಎಣ್ಣೆಯ ಕಾಲಿನಲ್ಲೇ ಮೆಟ್ಟಿಲು ಹತ್ತುತ್ತೀಯೋ? ಭಾವನವರ ಸಕ್ಕರೆ ಇಳಿಯಿತೇ? ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ.

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನೀನು ಮಾವ, ಮನೇಲೇ ಇಟ್ಕೊಂಡಿದೀಯ. ಮಾನ್ಯನ್ನ ಅಲ್ಲಿ ಬಿಡಬಹುದಾ, ಇಲ್ಲ ಓದಿದ್ದು ಸಾಕು ಅಂತ ಕರೆಸ್ಕೊಳ್ಳೋದಾ? ನೀನ್ ಹೇಳ್ದಂಗೆ." ನಿನ್ನ ಮಗಳ ನರ್ಸಿಂಗ್ ಓದು ಇನ್ನೂ ಒಂದೂವರೆ ವರ್ಷವಿದೆ. ಅದು ಈಗ ನನ್ನ ನಾಲಗೆಯ ಮೇಲೆ ನಿಂತಿದೆ ಎಂದಾಯಿತು. ಫೋನಿನಲ್ಲಿ ಉತ್ತರ ಹೇಳಹೋದರೆ ನೀನು ನಡುವೆ ಅಳುತ್ತೀಯ, ನಾನು ನಡುವೆ ಪ್ರಾಸ ಹುಡುಕುತ್ತೇನೆ. ಅದಕ್ಕೇ ಈ ಹಾಳೆಗಳು. ಫೋಟೋ ತೆಗೆದು ಭಾವನವರ ಫೋನಿಗೆ ಕಳಿಸುತ್ತೇನೆ.

ಕಾತ್ಯಾಯಿನಿಗೆ ಇಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿ ಗಂಡನಾದ ನಾನು ಅವಳ ಹಿಂದೆ ಸೂಟ್‌ಕೇಸಿನಂತೆ ಬಂದು ಹದಿನಾಲ್ಕು ತಿಂಗಳಾಯಿತು. ಮಾನ್ಯ ಓದುವ ಕ್ಯಾಂಪಸ್ಸಿನ ಗೇಟಿನಲ್ಲೇ ನಾನು ಸೆಕ್ಯುರಿಟಿ. ನಮ್ಮ ಕಡೆಯ ಹುಡುಗರೆಲ್ಲ "ಅಂಕಲ್, ಶನಿವಾರ ಎಲ್ಲಿಗೆ ಹೋಗೋದು? ಮಾಲ್ ಬಿಟ್ಟು ಹೇಳಿ" ಎಂದು ಕೇಳುತ್ತಾರೆ. ಮೈಮೇಲೆ ಯೂನಿಫಾರ್ಮ್ ಇದ್ದರೆ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಯಾರಿಗೂ ಹೆಚ್ಚು ತಿಳಿಯದ ಜಾಗಗಳನ್ನು ಹುಡುಕಿ, ಒಂದೊಂದಕ್ಕೂ ಎರಡು ಸಾಲು ಪದ್ಯ ಕಟ್ಟಿ, ಅವರ ವಾಟ್ಸ್ಯಾಪ್ ಗುಂಪಿಗೆ ಹಾಕತೊಡಗಿದೆ. ಕಾರ್ ಪಾರ್ಕಿನ ಹಿಂದೆ ಒಂದು ತೊರೆ ಇದೆ; ಹಲಗೆಯ ಸೇತುವೆಯ ಕೆಳಗೆ ತೋಳುದ್ದದ ಹಾವುಮೀನುಗಳು ಸೋಮಾರಿಗಳಂತೆ ಬಿದ್ದಿರುತ್ತವೆ. ಅದಕ್ಕೆ ಬರೆದದ್ದು:

ತೊರೆಯ ಬದಿಗೆ ಕಾಲುದಾರಿ, ಹಾವುಮೀನು ನೋಡಿ;
ತಂದ ಬ್ರೆಡ್ಡು ನೀವೇ ತಿನ್ನಿ, ಅವಕೆ ಹಾಕಬೇಡಿ.

ಎರಡನೆಯದು ಕುರಿ ಮೇಯುವ ಹುಲ್ಲುಗುಡ್ಡ. ಮೇಲೆ ಒಂದೇ ಬೆಂಚು. ಕೂತರೆ ವಿಮಾನಗಳು ಏರುವುದು, ಇಳಿಯುವುದು ಕಾಣುತ್ತದೆ. ಹೊಸದಾಗಿ ಬಂದ ಮಕ್ಕಳು ಅಲ್ಲಿ ಕೂತು ಯಾವುದು ಊರಿನ ಕಡೆಗೆ ಹೋಗುವ ವಿಮಾನ ಎಂದು ವಾದ ಮಾಡುತ್ತಾರೆ. ಅದಕ್ಕೂ ಪದ್ಯವಿದೆ, ಭಾವನವರಿಗೆ ಹಿಡಿಸದು, ಬಿಡು.

ಮೂರನೆಯದು ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಸಮುದ್ರದ ಒಂದು ಸೆರಗು ನೆಲದೊಳಗೆ ನುಗ್ಗಿದೆ. ಮಧ್ಯಾಹ್ನ ನೋಡಿದರೆ ನೀರೇ ಇಲ್ಲ. ಬೇಸಿಗೆಯಲ್ಲಿ ನಾವು ಲಗೋರಿ ಆಡುತ್ತಿದ್ದ ಕೆರೆಯಂಗಳವೇ. ನಮ್ಮ ಕೆರೆಯಲ್ಲಿ ನೀರು ಹೋದರೆ ಮುಂದಿನ ಮಳೆಗಾಲದ ತನಕ ಹೋಯಿತು. ಇಲ್ಲಿಯದು ಹಾಗಲ್ಲ, ದಿನಕ್ಕೆರಡು ಸಲ ವಾಪಸು ಬರುತ್ತದೆ. ಅದೂ ಎದುರಿನಿಂದಲ್ಲ, ಬೆನ್ನ ಹಿಂದಿನ ಕಾಲುವೆಗಳನ್ನು ಮೊದಲು ತುಂಬಿಕೊಂಡು. ಈ ಜಾಗಕ್ಕೆ ನಾನು ಪದ್ಯ ಬರೆದಿಲ್ಲ.

ಮಿಕ್ಕದ್ದು ನಿನಗೆ ಗೊತ್ತು. ಎರಡು ವಾರದ ಹಿಂದೆ ಮಾನ್ಯ ಮೂವರು ಗೆಳತಿಯರೊಂದಿಗೆ ಯಾರನ್ನೂ ಕೇಳದೆ ಅಲ್ಲಿಗೆ ಕ್ರಿಕೆಟ್ ಆಡಲು ಹೋದಳು. ಆಟದ ಗುಂಗಿನಲ್ಲಿ ದಾರಿ ಮುಳುಗಿದ್ದು ಕಾಣಲಿಲ್ಲ. ಸೊಂಟದ ನೀರಿನಲ್ಲಿ ಪೊದೆಯ ಕೊಂಬೆ ಹಿಡಿದು ನಿಂತವರನ್ನು ದೋಣಿಯವನೊಬ್ಬ ಎಳೆದುಕೊಂಡ. ನೀರಡಿಯ ಚೂಪು ಕಲ್ಲುಚಿಪ್ಪು ಕೊಯ್ದು ಅವಳ ಪಾದಕ್ಕೆ ಏಳು ಹೊಲಿಗೆ. ಕಾತ್ಯಾಯಿನಿ ದಿನಾ ಸಂಜೆ ಪಟ್ಟಿ ಬದಲಿಸುತ್ತಾಳೆ. ಆ ಹೊತ್ತಿಗೆ ಸರಿಯಾಗಿ ನನಗೆ ಕಸದ ಡಬ್ಬಿ ಹೊರಗಿಡುವ ನೆನಪು ಬರುತ್ತದೆ. ಕಸದ ಗಾಡಿ ಬರುವುದು ವಾರಕ್ಕೊಂದೇ ದಿನ.

ನೀನು ಅವಳಿಗೆ ಫೋನಿನಲ್ಲಿ ಅರ್ಧ ಗಂಟೆ ಬೈದದ್ದು ಗೋಡೆಯಾಚೆ ನನಗೂ ಕೇಳಿತು. ಅವಳು "ಹ್ಞೂಂ ಅಮ್ಮ, ನಂದೇ ತಪ್ಪು" ಎಂದಷ್ಟೇ ಅಂದಳು. ಇನ್ನು ನಿನ್ನ ಪ್ರಶ್ನೆಗೆ ಉತ್ತರ: ಮಗಳು ನಿಮ್ಮವಳು, ತೀರ್ಮಾನವೂ ನಿಮ್ಮದೇ. ನಾನು ನಡುವಿನವನು, ಏನು ಹೇಳಲಿ?

ಭಾವನವರಿಗೆ ನನ್ನ ನಮಸ್ಕಾರ. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ, ನೋಯುವ ಮಂಡಿ ತಪ್ಪಿಸಿ.

ನಿನ್ನ ತಮ್ಮ,
ಮೃತ್ಯುಂಜಯ

ಮರೆತ ಮಾತು: ಅಕ್ಕಾ, ಫೋಟೋ ತೆಗೆಯಲು ಕೈ ಬರಲಿಲ್ಲ, ಮತ್ತೆ ಪೆನ್ನು ಹಿಡಿದೆ. ಮೂರನೆಯ ಜಾಗಕ್ಕೂ ಪದ್ಯವಿದೆ:

ಬ್ಯಾಟು ತನ್ನಿ, ಬಾಲು ತನ್ನಿ, ಬಯಲಿಗಿಲ್ಲ ಬೇಲಿ;
ಸಂಜೆ ತನಕ ಆಡಬಹುದು, ಜಾಗವೆಲ್ಲ ಖಾಲಿ.

ನಾನು ಅಲ್ಲಿ ಕಾಲಿಟ್ಟವನೇ ಅಲ್ಲ. ಒಂದು ಮಧ್ಯಾಹ್ನ ಬಸ್ಸಿನ ಕಿಟಕಿಯಿಂದ ಕಂಡದ್ದು ಅಷ್ಟೇ. ಶುಕ್ರವಾರ ಗುಂಪಿಗೆ ಹಾಕಿದೆ, ಶನಿವಾರ ಅವರು ಹೋದರು. ಅವಳ ಕಾಲಿಗೆ ಹೊಲಿಗೆ ಹಾಕುತ್ತಿದ್ದಾಗ ನಾನು ಆಸ್ಪತ್ರೆಯ ಹೊರಗೆ ನಿಂತು ಆ ಪದ್ಯವನ್ನು ಎಲ್ಲರ ಫೋನಿನಿಂದಲೂ ಅಳಿಸಿದೆ. ಸೋಮವಾರ ಕ್ಯಾಂಪಸ್ಸಿನವರು ವಿಚಾರಿಸಿದಾಗ, ಅದೇ ಯೂನಿಫಾರ್ಮಿನಲ್ಲಿ ಎಲ್ಲರೆದುರು "ಅಲ್ಲಿಗೆ ಹೋಗು ಅಂತ ನಿಂಗೆ ಯಾರ್ ಹೇಳಿದ್ರು?" ಎಂದು ಅವಳನ್ನು ಗದರಿದವನೂ ನಾನೇ. ಅವಳು ನನ್ನನ್ನೇ ನೋಡಿ "ಯಾರೂ ಇಲ್ಲ" ಅಂದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಪದ್ಯ ಚೆನ್ನಾಗಿತ್ತು ಮಾಮ, ಅಳಿಸಬಾರದಿತ್ತು."

ಅವಳನ್ನು ಕರೆಸಿಕೊಳ್ಳಬೇಡ. ಅವಳು ಕೇಳದೆ ಹೋದವಳಲ್ಲ. ಕೇಳಿಯೇ ಹೋದಳು. ನನ್ನನ್ನೇ.