ಒಣಗಲು ಬಿಟ್ಟ ಬಟ್ಟೆ

ಸನತ್‌ನಗರ, ಹೈದರಾಬಾದ್
ಮಂಗಳವಾರ, 21 ಮೇ 2024

ಕಾಶಿನಾಥರಿಗೆ,

ಲಿಂಗಂಪಲ್ಲಿಯ ನಿಮ್ಮಣ್ಣನ ಮನೆಯಲ್ಲಿ ಹೊತ್ತುಹೊತ್ತಿಗೆ ಊಟವಾಗುತ್ತಿರಬೇಕು, ಆದ್ದರಿಂದ ಕ್ಷೇಮ ಕೇಳುವುದಿಲ್ಲ. ಫೋನ್ ಎತ್ತದ ಗಂಡನಿಗೆ ಕಾಗದವೇ ಗತಿ.

ನನಗೆ ಹೇಸಿಗೆಯಾಗಿದೆ. ಸಿಟ್ಟಾಗಿದ್ದರೆ ಎರಡು ದಿನಕ್ಕೆ ಇಳಿಯುತ್ತಿತ್ತು. ಶನಿವಾರ ನೀವು ಅಣುಸ್ಥಾವರದಿಂದ ಬಂದವರೇ, ಕೂಲಿಂಗ್ ಟವರ್ ಪರೀಕ್ಷೆಯಲ್ಲಿ ಪಾಸಾಯಿತೆಂದು ನಮ್ಮ ಆಫೀಸಿಗೆಲ್ಲ ಪೇಡಾ ಹಂಚಿದಿರಿ. ನಾನೂ ಎರಡು ತಿಂದೆ.

ನಿಮ್ಮ ಮಾತು ನಂಬಿ ಅವತ್ತೇ ವರದಿಯ ಕೆಳಗೆ ‘ಪರಿಶೀಲಿಸಿದ್ದೇನೆ’ ಎಂದು ಸಹಿ ಹಾಕಿದ್ದೆ. ನಿಮ್ಮ ಕೈಬರಹದ ಮೂಲ ಹಾಳೆ ನೋಡಿದ್ದು ನಿನ್ನೆ, ಸೋಮವಾರ.

ಟವರ್ ಪಕ್ಕ ಎರಡು ಥರ್ಮಾಮೀಟರ್ ಇಡುತ್ತೇವೆ. ಒಂದು ಬರಿಯದು, ಇನ್ನೊಂದರ ತುದಿಗೆ ಒದ್ದೆ ಬಟ್ಟೆ. ಟವರ್‌ನಿಂದ ಇಳಿಯುವ ನೀರು ಆ ಒದ್ದೆ ಬಟ್ಟೆಯ ಉಷ್ಣತೆಗೆ ಎಷ್ಟು ಹತ್ತಿರ ಬಂತೋ ಟವರ್ ಅಷ್ಟು ಒಳ್ಳೆಯದು. ಬಟ್ಟೆ ಒಣಗಿದರೆ ಪಾದರಸ ಮೇಲೇರಿ, ಸರಿಯಾಗಿ ತಣಿಯದ ನೀರಿಗೂ ಹತ್ತಿರವಾಗಿ, ಕೆಟ್ಟ ಟವರೂ ಒಳ್ಳೆಯದಾಗಿ ಕಾಣುತ್ತದೆ. ಇದನ್ನು ನನಗೆ ಕಲಿಸಿದವರು ನೀವೇ. ಮದುವೆಯಾದ ಹೊಸತರಲ್ಲಿ ನಿಮ್ಮ ಹಳೆಯ ಧೋತರ ಹರಿದು, ಗಂಜಿ ಬಿಡುವ ತನಕ ನನ್ನಿಂದ ಒಗೆಸಿ, ಅರ್ಧ ಗಂಟೆಗೊಮ್ಮೆ ನೀರು ಹನಿಸದಿದ್ದರೆ ಗದರುತ್ತಿದ್ದಿರಿ.

ಹಾಳೆಯಲ್ಲಿ ಒದ್ದೆ ಬಟ್ಟೆಯದು ಹನ್ನೆರಡಕ್ಕೆ ಇಪ್ಪತ್ತೈದು ಡಿಗ್ರಿ, ಒಂದಕ್ಕೆ ಇಪ್ಪತ್ತೇಳು, ಎರಡಕ್ಕೆ ಇಪ್ಪತ್ತೊಂಬತ್ತು. ಗಾಳಿಯ ಬಿಸಿ ಮಾತ್ರ ನಲವತ್ತೊಂದರಲ್ಲೇ ನಿಂತಿದೆ. ಮೂರಕ್ಕೆ ಸ್ಥಾವರದವರು ನೋಡಲು ಬಂದಾಗ ಬಟ್ಟೆ ನೆನೆಸಿರಬೇಕು, ಮತ್ತೆ ಇಪ್ಪತ್ತೈದು. ಆ ಮೂರರ ಸಾಲನ್ನು ಉಪಕರಣ ದೋಷವೆಂದು ಹೊಡೆದುಹಾಕಿದ್ದೀರಿ. ಆದರೆ ಪ್ರತಿ ಅರ್ಧ ಗಂಟೆಗೂ ‘ಬಟ್ಟೆ ಒದ್ದೆ’ ಎಂಬಲ್ಲಿ ಟಿಕ್ ಇದೆ, ಎಷ್ಟು ಅಂದವಾಗಿ.

ನಿನ್ನೆ ಊಟಕ್ಕೆ ಕೂತಾಗ ಕೇಳಿದೆ. ಮರೆತೆ ಅಂದಿದ್ದರೆ ನಂಬುತ್ತಿದ್ದೆ. ನೀವು ತಟ್ಟೆಯಿಂದ ತಲೆ ಎತ್ತದೆ, “ಮರ್ತಿಲ್ಲ, ಬೇಕಂತನ ಬಿಟ್ಟೀನಿ. ಬರೀ ನಾಕ ಡಿಗ್ರಿ ಐತಿ, ಯಾರಿಗೆ ಗೊತ್ತಾಕೈತಿ? ನಾನ ನಿಂತು ರಿಪೇರಿ ಮಾಡಿಸಿದ ಟವರ್ ಫೇಲ್ ಆತಂದ್ರ ಮಂದಿಗೆ ಹೆಂಗ ಮಾರಿ ತೋರಿಸ್ಲಿ?” ಅಂದಿರಿ. ಅಂದು, ಇನ್ನೊಂದು ರೊಟ್ಟಿ ಕೇಳಿದಿರಿ. ಹಾಕಲಿಲ್ಲವೆಂದು ಬ್ಯಾಗ್ ಎತ್ತಿಕೊಂಡು ಹೊರಟಿರಿ.

ಆ ನಾಲ್ಕು ಡಿಗ್ರಿ ಸಾರಿನ ಬಿಸಿಯಲ್ಲ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಅದರೊಳಗಿನ ಕಾವು ಬೇಗ ಆರುವುದಿಲ್ಲ. ಆ ಕಾವನ್ನು ಹೊರಗೆ ಸಾಗಿಸುವ ನೀರನ್ನು ತಣಿಸಬೇಕಾದದ್ದು ಈ ಟವರ್. ಶುಕ್ರವಾರ ಸ್ಥಾವರದವರು ನಮ್ಮ ವರದಿ ಒಪ್ಪಿಕೊಂಡರೆ, ಅಲ್ಲಿ ಪಾಳಿ ಮಾಡುವವರು ಪ್ರತಿ ಬೇಸಿಗೆಯಲ್ಲೂ ನಿಮ್ಮ ಟಿಕ್ ನಂಬಿ ಕೂರುತ್ತಾರೆ.

ಕಾಲೇಜಿನ ಪ್ರಯೋಗದ ಪುಸ್ತಕದಲ್ಲಿ ಒಂದು ಸಂಖ್ಯೆ ತಿದ್ದಿದಳೆಂದು ಪಿಂಕಿಯನ್ನು ಅಳುವಂತೆ ಗದರಿದವರು ನೀವು. ನಿನ್ನೆ ಅವಳು ಅಪ್ಪ ಯಾಕೆ ಹೋದರು ಎಂದು ಕೇಳಿದಳು.

ನಾಳೆ ಬನ್ನಿ. ವರದಿ ಹಿಂತೆಗೆದುಕೊಳ್ಳುತ್ತೇವೆಂದು ಇಬ್ಬರೂ ಬರೆದು ಸಹಿ ಹಾಕೋಣ. ನಾಳೆ ಸಂಜೆಯ ತನಕ ಕಾಯುತ್ತೇನೆ, ಬರದಿದ್ದರೆ ನಾನೊಬ್ಬಳೇ ಬರೆಯುತ್ತೇನೆ.

ನಿಮ್ಮ ಅಂಕಿಗಳನ್ನು ಇಪ್ಪತ್ತು ವರ್ಷ ನಂಬಿದ,
ಮಂದಾಕಿನಿ

ತಾ.ಕ.: ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಆ ಹಾಳೆಯನ್ನು ನಾನು ನೋಡಿದ್ದು ಶನಿವಾರವೇ, ಸಹಿ ಹಾಕುವ ಮೊದಲು. ಎಲ್ಲ ಗೊತ್ತಾಗಿಯೇ ಹಾಕಿದೆ. ಎರಡು ವರ್ಷದ ಮೇಲೆ ನೀವು ನಗುತ್ತಾ ಬಂದಿದ್ದಿರಿ, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ನಾಳೆಯ ತನಕ ಕಾಯುತ್ತೇನೆ ಅಂದದ್ದೂ ಸುಳ್ಳು. ಸ್ಥಾವರಕ್ಕೆ ಮೇಲ್ ಇವತ್ತು ಬೆಳಿಗ್ಗೆಯೇ ಹೋಗಿದೆ. ತಪ್ಪು ಮಾಡಿದವರ ಹೆಸರು ಬರೆಯುವಲ್ಲಿ ಮೊದಲು ನನ್ನದನ್ನೇ ಬರೆದಿದ್ದೇನೆ.