ಅವ್ವನಿಗೆ ನಾನು ಆರಿಸಿದ ಮಣ್ಣು

ಇಂಗೋಲ್‌ಸ್ಟಾಟ್
೧೬ ನವೆಂಬರ್ ೨೦೨೫, ಭಾನುವಾರ

ತಂಗಿ ಸಿದ್ದಕ್ಕನಿಗೆ,

ನಿನ್ನ ಅಣ್ಣ ಅಡಿವೆಪ್ಪ ಮಾಡುವ ಆಶೀರ್ವಾದ. ಮನೆಯಲ್ಲಿ ಎಲ್ಲರೂ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ಮೂರು ವಾರದಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತುತ್ತಿಲ್ಲ. ನಿನ್ನ ಅತ್ತಿಗೆ ಶ್ರೀದೇವಿ ಪಾಪ, "ಮೀಟಿಂಗಿನ್ಯಾಗ ಅದಾರ" ಎಂದು ಸುಳ್ಳು ಹೇಳುತ್ತಾ ಬಂದಳು. "ಮೂರು ವಾರ ಅದ್ಯಾವ ಮೀಟಿಂಗ ವೈನಿ, ಲಗ್ನದ್ದೇನ?" ಎಂದು ನೀನು ಕೇಳಿದೆಯಂತೆ. ಸರಿಯಾಗಿಯೇ ಕೇಳಿದ್ದೀ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಸಿಟ್ಟಿಗೆದ್ದು ಕಟ್ ಮಾಡುತ್ತೇನೆ, ಮಾತು ಅಲ್ಲೇ ಉಳಿಯುತ್ತದೆ. ಅದಕ್ಕೇ ಹುಬ್ಬಳ್ಳಿಯ ಹಾಸ್ಟೆಲ್ ಬಿಟ್ಟ ಮೇಲೆ ಮೊದಲ ಸಲ ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ತಡಕ್ಕೆ ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವ್ವನನ್ನು ಅಣ್ಣಿಗೇರಿಗೆ ತರಲು ಆಗುವುದಿಲ್ಲ. ಹೊಲದಲ್ಲಿ ಅಪ್ಪನ ಗದ್ದುಗೆಯ ಪಕ್ಕ ನೀನು ತೆಗೆಸಿಟ್ಟ ಕುಣಿಯನ್ನು ಮುಚ್ಚಿಸು. ಹೊಸ್ತಿಲ ಹುಣ್ಣಿಮೆಗೆ ಬನ್ನಿ ಎಂದು ಮಠದ ಅಯ್ಯನವರಿಗೆ ಹೇಳಿದ್ದೀಯಲ್ಲ, ಬೇಡವೆಂದು ತಿಳಿಸು. ಈ ತಪ್ಪು ಇಲ್ಲಿನ ಸರಕಾರದ್ದಲ್ಲ, ನನ್ನದು.

ಇಪ್ಪತ್ತು ವರ್ಷದ ಹಿಂದೆ, ಮೊಮ್ಮಗಳನ್ನು ನೋಡಲು ಬಂದ ಅವ್ವ ಮಾರ್ಚ್ ಎರಡರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಊರಿಗೆ ಕಳಿಸಲು ಕಾಗದಪತ್ರಕ್ಕೆ ಹನ್ನೆರಡು ದಿನ ಬೇಕು, ಅಲ್ಲಿಯವರೆಗೆ ಥಂಡಿ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವ ಜನ ನಾವು. ಹನ್ನೆರಡು ದಿನ ಅವ್ವನನ್ನು ಕಾಯಿಪಲ್ಲೆಯಂತೆ ಇಡಲಾರೆ ಎಂದು ಇಲ್ಲಿಯೇ ಭೂಮಿ ಹುಡುಕಿದೆ.

ಈ ಪಟ್ಟಣದ ಸ್ಮಶಾನ ನೋಡಿದೆ. ಹರಳು ಕೂಡಿದ ಹಳದಿ ಮಣ್ಣು. ನನಗೆ ಹೇಸಿಕೆ ಬಂತು. ನಮ್ಮ ಕಪ್ಪು ಎರಿಯಲ್ಲಿ ಹುಟ್ಟಿ ಎರಿಯಲ್ಲಿ ಬಿತ್ತಿ ಬೆಳೆದವಳನ್ನು ಹರಳಿನಲ್ಲಿ ಹೇಗೆ ಇಡಲಿ? ಆಗ ನಾವು ಬಾಡಿಗೆಗಿದ್ದ ಹಳ್ಳಿಯ ಸ್ಮಶಾನ ನೋಡಿದೆ. ಊರ ಕೆಳಗಿನ ತಗ್ಗು. ಮಣ್ಣು ನೋಡಿದರೆ ಕರ್ರಗೆ, ಮೆತ್ತಗೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆ. ಸಿದ್ದಿ, ನಾನು ಅತ್ತುಬಿಟ್ಟೆ. ಅವತ್ತು ನಿನಗೆ ಫೋನಿನಲ್ಲಿ ಏನು ಹೇಳಿದೆ ಎಂಬುದು ನನಗೆ ಅಕ್ಷರ ತಪ್ಪದೆ ನೆನಪಿದೆ: "ನಮ್ಮ ಹೊಲದಂಥಾದ್ದ ಎರಿ ಸಿಕ್ಕೇತಿ. ಅವ್ವ ಆರಾಮ ಮಲಗ್ತಾಳ." ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಲು ಇವರು ಬಿಡಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿದರು. ಅಂಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಹಚ್ಚಿ, ಮಣ್ಣು ಒಂದಾದರೂ ನಮ್ಮದೇ ಸಿಕ್ಕಿತಲ್ಲ ಎಂದುಕೊಂಡೆ.

ಇಲ್ಲಿ ಗೋರಿಯ ಜಾಗ ಇಪ್ಪತ್ತು ವರ್ಷಕ್ಕೆ ಮಾತ್ರ. ಅದು ಮುಗಿಯಿತು, ಉಳಿದ ಎಲುಬನ್ನು ಒಯ್ಯಬಹುದು ಎಂದು ಪರವಾನಗಿ ಸಿಕ್ಕಿದಾಗ ನಾನೇ ಕುಣಿದಾಡಿ ನಿನಗೆ ಹೇಳಿದೆ, ನೀನು ಕುಣಿ ತೆಗೆಸಿದೆ. ಅಕ್ಟೋಬರ್ ಇಪ್ಪತ್ತೊಂದರ ಬೆಳಿಗ್ಗೆ ಹೋದೆವು. ಮಗಳು ಮಧುಮತಿ ಹೈಡೆಲ್‌ಬರ್ಗಿನಿಂದ ಕಾಲೇಜು ಬಿಟ್ಟು ಬಂದಿದ್ದಳು. ಅಗೆಯುವವರು ಇಬ್ಬರು, ಜೊತೆಗೆ ಮಣ್ಣು ಪರೀಕ್ಷೆ ಮಾಡುವ ಫ್ರಾವ್ ಲೆಹ್ನರ್ ಎಂಬ ಹೆಂಗಸು. ಸೊಂಟದಷ್ಟು ಆಳ ಹೋಗುವುದರೊಳಗೆ ಪಕ್ಕದಿಂದ ನೀರು ಒಸರತೊಡಗಿತು. ಕಪ್ಪಿನ ಕೆಳಗೆ ಮಣ್ಣು ನೀಲಿಬೂದಿ ಬಣ್ಣ, ನಡುನಡುವೆ ತುಕ್ಕಿನ ಕಲೆ. ಕೊಳೆತ ತತ್ತಿಯ ನಾತ. ಪೆಟ್ಟಿಗೆ ಕಾಣಿಸಿದೊಡನೆ ಲೆಹ್ನರ್ ಕೈ ಎತ್ತಿ ಕೆಲಸ ನಿಲ್ಲಿಸಿದಳು. ನನಗೆ ದೂರ ಹೋಗಿ ಎಂದಳು. ನನ್ನದು ಹುಟ್ಟಾ ಹಟಮಾರಿ ಸ್ವಭಾವ, ಮುಂದೆಯೇ ಹೋದೆ.

ಮುಚ್ಚಳ ಒಂದು ಕಡೆ ಸರಿದಿತ್ತು. ಇಳಕಲ್ ಸೀರೆಯ ಸೆರಗು ಕೆಂಪಗೇ ಇತ್ತು, ತಂಗಿ. ಉಳಿದದ್ದನ್ನು ಬರೆಯುವುದಿಲ್ಲ. ಅವ್ವ ಮಣ್ಣಾಗಿಲ್ಲ, ಇಷ್ಟು ತಿಳಿದುಕೋ. ಗಾಳಿ ಇಲ್ಲದ, ನೀರು ನಿಂತ ಮಣ್ಣಿನಲ್ಲಿ ಮೈ ಕರಗುವುದಿಲ್ಲವಂತೆ, ಮೇಣದ ಹಾಗೆ ಗಟ್ಟಿಯಾಗಿ ಉಳಿದುಬಿಡುತ್ತದಂತೆ. ಇಪ್ಪತ್ತು ವರ್ಷ ಅವಳು ನೀರಿನಲ್ಲಿ ಮಲಗಿದ್ದಳು. ನಾನು ಪ್ರತಿ ಮಾರ್ಚಿಗೆ ಹೋಗಿ ಮೇಲೆ ಹೂವಿಟ್ಟು ಬರುತ್ತಿದ್ದೆ.

ಮಧು ನನ್ನ ತೋಳು ಹಿಡಿದು, "ಪಪ್ಪಾ, ಕೊಮ್, ಬಾ ಈ ಕಡೆ. ಅಜ್ಜಿನ್ನ ನೋಡಬ್ಯಾಡ" ಎಂದು ಎಳೆದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಹುಡುಗಿ ಅವತ್ತು ಕನ್ನಡ ಮಾತಾಡಿದಳು.

ನಾನು ಲೆಹ್ನರ್ ಮೇಲೆ ಹರಿಹಾಯ್ದೆ. "ನಾನು ಒಕ್ಕಲುತನ ಮಾಡುವವರ ಮಗ, ನನಗೆ ಮಣ್ಣು ಗೊತ್ತು. ಕಪ್ಪು ಮಣ್ಣು ಇದು, ಇದರಲ್ಲಿ ಹೀಗೆ ಹೇಗಾಗುತ್ತದೆ?" ಎಂದೆ. ಆಕೆ ಕಾರು ಹತ್ತಿಸಿಕೊಂಡು ಎರಡು ಮೈಲಿ ಆಚೆ ದಿನ್ನೆಯ ಮೇಲಿನ ತನ್ನ ಅಣ್ಣನ ಹೊಲಕ್ಕೆ ಕರೆದೊಯ್ದಳು. ಗೋಧಿ ಆಗಷ್ಟೇ ಮೊಳೆತಿತ್ತು. ಉದ್ದನೆಯ ಕಬ್ಬಿಣದ ಕೊಳವೆ ಚುಚ್ಚಿ ಎದೆಯೆತ್ತರದಷ್ಟು ಮಣ್ಣನ್ನು ಹಾಗೇ ಹೊರಗೆ ತೆಗೆದು ನೆಲದ ಮೇಲೆ ಉದ್ದಕ್ಕೆ ಮಲಗಿಸಿದಳು.

"ಬಣ್ಣ ಎಲ್ಲಿಯಾದರೂ ಕೆಟ್ಟಿದೆಯಾ ನೋಡಿ" ಎಂದಳು. ಮೇಲೆ ಕಂದು, ಕೆಳಗಿಳಿದಂತೆ ತಿಳಿಹಳದಿ. ಬೂದಿ ಬಣ್ಣವಿಲ್ಲ, ತುಕ್ಕಿನ ಕಲೆಯಿಲ್ಲ. ಕಲೆ ಇಲ್ಲವೆಂದರೆ ನೀರು ನಿಂತಿಲ್ಲ ಎಂದು ಅರ್ಥವಂತೆ. ಮುರಿದರೆ ರವೆಯಂತೆ ಉದುರಿತು. ಎರೆಹುಳದ ತೂತುಗಳು ತಳದವರೆಗೂ ಇಳಿದಿದ್ದವು, ಆ ತೂತುಗಳಲ್ಲೇ ಗೋಧಿಯ ಹಳೆಯ ಬೇರು. ಹಿಂದಿನ ದಿನ ಜೋರು ಮಳೆಯಾಗಿತ್ತು, ಹೊಲದಲ್ಲಿ ನಡೆದರೆ ನನ್ನ ಬೂಟಿಗೆ ಕೆಸರು ಹತ್ತಲಿಲ್ಲ. ನೀರು ಇಳಿದು ಹೋಗಿದೆ, ಬೇರಿಗೆ ಬೇಕಾದ ತೇವ ಉಳಿದಿದೆ, ಉಳಿದ ಜಾಗದಲ್ಲಿ ಗಾಳಿ ಇದೆ.

ಕಪ್ಪು ಎರಡು ಥರ ಎಂದಳು. ಉತ್ತರಕ್ಕೆ ಮಾಗ್ಡೆಬುರ್ಗ್ ಕಡೆ ಬಯಲಿನಲ್ಲಿ ಸಾವಿರಾರು ವರ್ಷ ಹುಲ್ಲು ಬೆಳೆದು, ಒಣಗಿ, ಅದರ ಬೇರು ಮಣ್ಣಿನಲ್ಲೇ ಕೊಳೆತು ಆದ ಕಪ್ಪಿದೆ. ಅದು ಉಸಿರಾಡುವ ಮಣ್ಣು. ನಾನು ಅವ್ವನಿಗೆ ಆರಿಸಿದ್ದು ನೀರಿನಲ್ಲಿ ಮುಳುಗಿ ಕೊಳೆಯಲಾರದೆ ಉಳಿದ ಜೊಂಡಿನ ಕಪ್ಪು. ಕಾಲುವೆ ಬಂದ ಮೇಲೆ ನಮ್ಮ ಕೆಳಗಿನ ಹೊಲ ನೀರು ನಿಂತು ಜವಳು ಹಿಡಿದಾಗ ಅಪ್ಪ ಒಂದು ಸೆಳೆಕೋಲು ಚುಚ್ಚಿ, ಮೂಸಿ, "ಇದು ಸತ್ತ ಭೂಮಿ" ಎಂದು ಎದ್ದು ಬಂದಿದ್ದ. ಅವನ ಮಗ, ಇಂಜಿನಿಯರ್, ಮೂಸಲಿಲ್ಲ. ಬಣ್ಣ ನೋಡಿ ಮರುಳಾದೆ. ಹರಳು ಎಂದು ಹೇಸಿದ ಆ ಪಟ್ಟಣದ ನೆಲದಲ್ಲಿ ಇಟ್ಟಿದ್ದರೆ ಅವ್ವ ಎಂದೋ ಮಣ್ಣಾಗುತ್ತಿದ್ದಳು, ಎಲುಬು ನಿನ್ನ ಮಡಿಲಿಗೆ ಬರುತ್ತಿತ್ತು.

ಕಚೇರಿಯವರು ಎರಡು ದಾರಿ ಕೊಟ್ಟರು. ಸುಟ್ಟುಬಿಟ್ಟರೆ ಬೂದಿಯನ್ನು ವಾರದೊಳಗೆ ವಿಮಾನದಲ್ಲಿ ಒಯ್ಯಬಹುದು. ಇಲ್ಲವೇ ಬೇರೆ ಒಳ್ಳೆಯ ನೆಲದಲ್ಲಿ ಮತ್ತೆ ಮಣ್ಣು ಮಾಡಬೇಕು, ಮತ್ತೆ ಹದಿನೈದು ವರ್ಷ ಮುಟ್ಟುವಂತಿಲ್ಲ. ಶ್ರೀದೇವಿ, "ಬೂದಿಯಾದ್ರೂ ಊರು ಮುಟ್ಲಿ, ಸಿದ್ದಕ್ಕ ದಾರಿ ಕಾಯಾಕತ್ಯಾಳ" ಎಂದಳು. ಆಗಲಿಲ್ಲ ನನ್ನ ಕೈಲಿ. ಲಿಂಗ ಕಟ್ಟಿದ ಮೈಗೆ ಬೆಂಕಿ ಇಡು ಎಂದು ಯಾವ ಬಾಯಿಂದ ಹೇಳಲಿ? ನಿನ್ನನ್ನು ಕೇಳದೆ ರುಜು ಹಾಕಿದೆ. ಆ ದಿನ್ನೆಯ ಹಳ್ಳಿಯ ಸ್ಮಶಾನದಲ್ಲಿ ಮೊದಲು ಮೊಣಕಾಲುದ್ದ ಗುಂಡಿ ತೋಡಿಸಿ, ಎರಡು ಬಕೆಟ್ ನೀರು ಹೊಯ್ದು, ಗಡಿಯಾರ ನೋಡುತ್ತ ಕೂತೆ. ಅರ್ಧ ತಾಸಿನೊಳಗೆ ನೀರು ಇಂಗಿತು. ಮೂಸಿಯೂ ನೋಡಿದೆ. ಕಳೆದ ಸೋಮವಾರ ಅವ್ವನನ್ನು ಎರಡನೆಯ ಸಲ ಮಣ್ಣು ಮಾಡಿದೆ.

ಹದಿನೈದು ವರ್ಷಕ್ಕೆ ನನಗೆ ಎಪ್ಪತ್ಮೂರು. ನಾನಿರುತ್ತೇನೋ ಇಲ್ಲವೋ. ಅವ್ವ ಇನ್ನು ಊರಿಗೆ ಬರುವುದಿಲ್ಲ ಎಂದೇ ತಿಳಿದುಕೋ. ನಿನ್ನ ಮಕ್ಕಳಿಗೆ ಒಳ್ಳೆಯದಾಗಲಿ, ನಿನ್ನ ಮನೆ ತುಂಬಿರಲಿ. ಆ ಕುಣಿಗೆ ಮಣ್ಣು ಎಳೆಸುವಾಗ ನೀನು ಅಲ್ಲಿ ನಿಲ್ಲಬೇಡ.

ನಿನ್ನ ಅಣ್ಣ,
ಅಡಿವೆಪ್ಪ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಿನ್ನ ಚೊಚ್ಚಲ ಬಾಣಂತನಕ್ಕೆ ಬರದೆ ಅವ್ವ ಮಗನ ಮನೆಯಲ್ಲಿ ಉಳಿದಳೆಂದು ನೀನು ಇವತ್ತಿಗೂ ಅವಳ ಮೇಲೆ ಮುನಿಸು ಬಿಟ್ಟಿಲ್ಲ. "ಅವ್ವ ತಾನಾಗೇ ಇನ್ನೊಂದ ತಿಂಗಳ ಇರ್ತೀನಿ ಅಂದ್ಲು" ಎಂದು ನಾನು ಹೇಳಿದ್ದು ಸುಳ್ಳು. ಫೆಬ್ರವರಿ ಎಂಟಕ್ಕೆ ಅವಳ ಟಿಕೆಟ್ ಇತ್ತು, ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಮಧುಗೆ ಶಿಶುವಿಹಾರದಲ್ಲಿ ಜಾಗ ಸಿಕ್ಕಿರಲಿಲ್ಲ, ಶ್ರೀದೇವಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ನಾನೇ ಟಿಕೆಟ್ ಮುಂದಕ್ಕೆ ಹಾಕಿಸಿದೆ. "ಅಡಿವ್ಯಾ, ಸಿದ್ದಿಗೆ ನನ್ನ ಬಿಟ್ರ ಯಾರದಾರೋ, ಕಳಿಸಿಬಿಡೋ" ಎಂದು ದಿನಾ ಅಂದಳು. ದಿನಾ ನಾಳೆ ಎಂದೆ. ನಿನ್ನ ಬಾಣಂತನಕ್ಕೆಂದು ಅಂಟಿನುಂಡಿ ಕಟ್ಟಿ ಎರಡು ಡಬ್ಬಿ ತುಂಬಿಟ್ಟಿದ್ದಳು. ಅವಳನ್ನು ಮಣ್ಣು ಮಾಡಲು ಬಂದವರಿಗೆ ನಾವು ಅದನ್ನೇ ಚಹಾದ ಜೊತೆ ಕೊಟ್ಟೆವು.