ಅವ್ವನ ಆಲು

ಫೆಬ್ರವರಿ 11, ಬುಧವಾರ. ದುದ್ದ

ಕೋರ್ಟಿನಲ್ಲಿ ಎದ್ದ ಆ ನಗು ಇನ್ನೂ ಕಿವಿಯಲ್ಲೇ ಇದೆ.

"ಅಳಿಯ ಆಲಿಗೆ ಇಸ ಆಕಿ ನನ್ ಮಗಳ್ನ ಕೊಂದ" ಅಂತ ಅವ್ವ ಅವತ್ತು ಸ್ಟೇಷನ್ನಿನಲ್ಲಿ ಹೇಳಿದ್ದಳು. ಬರೆದುಕೊಂಡವನು ಬೇರೆ ಸೀಮೆಯವನು, ಹಾಲನ್ನು ಆಲೂಗೆಡ್ಡೆ ಮಾಡಿಬಿಟ್ಟಿದ್ದಾನೆ. ಇವತ್ತು ಅಕ್ಕನ ಗಂಡನ ಲಾಯರು ಅದನ್ನೇ ಹಿಡಿದುಕೊಂಡ.

"ಏನಮ್ಮಾ, ಮಗಳು ಸತ್ತಿದ್ದು ಹಾಲು ಕುಡಿದೋ, ಆಲೂಗೆಡ್ಡೆ ತಿಂದೋ?"

"ಆಲು ಸಾ. ಕುಡಿಯೋ ಆಲು ಕಣ್ ಸಾ."

ಹಿಂದೆ ಕೂತಿದ್ದವರು ನಕ್ಕರು. ಆರೋಪಿ ಜಾಗದಲ್ಲಿ ನಿಂತಿದ್ದ ಅವನೂ ನಕ್ಕ. ಭಾವ ಅಂತ ಇನ್ನು ಬರೆಯಲಾರೆ. ಆ ಲಾಯರು ನಮ್ಮ ಪಕ್ಕದೂರಿನವನೇ. ಅವನ ಮನೇಲೂ ಬೆಳಿಗ್ಗೆ ಕಾಯೋದು ಆಲೇ, ನನಗೆ ಗೊತ್ತಿಲ್ವಾ? ಅವ್ವ ಮಾತು ಬದಲಿಸ್ತಾಳೆ ಅಂತ ಜಡ್ಜ್ ನಂಬಿದರೆ ಅಕ್ಕನನ್ನು ಕೊಂದವನು ಬಿಡುಗಡೆಯಾಗಿ ಮನೆಗೆ ಹೋಗ್ತಾನೆ.

ನಾಳೆಯೂ ಅವ್ವನನ್ನು ಕಟಕಟೆಗೆ ಕರೆದಿದ್ದಾರೆ. ಸಂಜೆ ನಾನೇ ಕೂರಿಸಿಕೊಂಡು ಹೇಳಿಕೊಟ್ಟೆ: ಹಾಲು ಅನ್ನವ್ವಾ, ಉಸಿರು ಬಿಟ್ಟು ಹಾ ಅನ್ನು. ಒಲೆ ಮುಂದೆ ಕೂತು ಎಷ್ಟು ಸಲ ಅಂದಳೋ. ಆಲು, ಆಲು. ಬರಲೇ ಇಲ್ಲ. ರೇಗಿಬಿಟ್ಟೆ. ಸಾಕು ಮಲಗು ಅಂತ ಲೈಟ್ ಆರಿಸಿ ಬಂದೆ.

ಈಗ ಒಳಗೆ ಕತ್ತಲಲ್ಲಿ ಅವ್ವ ಅಳ್ತಿದ್ದಾಳೆ. ಹಾ... ಹಾ... ಅಂತ.

ಸರಿಯಾಗಿ ಬರ್ತಿದೆ.